ಕೊಂಬಿನ ಪೀಪಿ: ಅಂದ ಮತ್ತು ದನಿ

ಉತ್ತರ ಅಮೆರಿಕದಲ್ಲಿ ಕೊಯೋಟಿ, ನರಿ, ಬಾಬ್‌ಕ್ಯಾಟ್‌ಗಳನ್ನು ಹತ್ತಿರಕ್ಕೆ ಸೆಳೆಯಲು ಬೇಟೆಗಾರರು ಊದುವ ಪೀಪಿ, ಸಿಕ್ಕಿಬಿದ್ದ ಮೊಲದ ಚೀರಾಟವನ್ನು ಅನುಕರಿಸುತ್ತದೆ. ಸುಲಭದ ಆಹಾರ ಸಿಕ್ಕಿತೆಂದು ಪ್ರಾಣಿ ಬರುತ್ತದೆ. ಎರಡು ಹೆಬ್ಬೆರಳುಗಳ ನಡುವೆ ಹುಲ್ಲಿನ ಎಸಳನ್ನು ಬಿಗಿಹಿಡಿದು ಊದುವುದು ಇದರ ಅತಿ ಸರಳ ರೂಪ. ಟೆಕ್ಸಸ್‌ನ ಮಾರ್ಬಲ್ ಫಾಲ್ಸ್‌ನ ಬರ್ನಮ್ ಸಹೋದರರು 1950ರ ದಶಕದಲ್ಲಿ ಪೀಪಿಗಳನ್ನು ಮಾರಿ ಈ ಬಗೆಯ ಬೇಟೆಗೆ ಹೆಸರು ತಂದರು. ಇಂದು ಮಾರುಕಟ್ಟೆ ತುಂಬ ಪ್ಲಾಸ್ಟಿಕ್ ಪೀಪಿಗಳು, ರಿಮೋಟ್‌ನಿಂದ ನಡೆಯುವ ಎಲೆಕ್ಟ್ರಾನಿಕ್ ಯಂತ್ರಗಳು. ಆದರೂ ದನದ ಕೊಂಬು, ಜಿಂಕೆಯ ಕವಲುಗೊಂಬು, ಮರಗಳಿಂದ ಕೈಯಲ್ಲೇ ಪೀಪಿ ಮಾಡುವವರು ಉಳಿದಿದ್ದಾರೆ.

ಮೂರು ವಸ್ತುಗಳ ಗುಣವೂ ಬೇರೆ ಬೇರೆ. ದನದ ಕೊಂಬಿನ ಬುಡ ಹುಟ್ಟಾ ಟೊಳ್ಳು, ತುದಿ ಗಟ್ಟಿ. ಕುದಿಸಿ ಒಳಗಿನ ಮೂಳೆಯನ್ನು ಬೇರ್ಪಡಿಸಿ, ತುದಿಯನ್ನು ಕೊರೆದರೆ ಶಂಕುವಿನಾಕಾರದ ಕೊಳವೆ ಸಿದ್ಧ. ಬಾಯಗಲವಾದ ಆ ಆಕಾರ ಸದ್ದನ್ನು ದೂರಕ್ಕೆ ಎಸೆಯುವುದರಿಂದ ಕೊಯೋಟಿಯ ಊಳನ್ನು ಅನುಕರಿಸುವ ಪೀಪಿಗೆ ಕೊಂಬೇ ಮೆಚ್ಚು. ಕವಲುಗೊಂಬು ನಿಜಕ್ಕೂ ಮೂಳೆ; ಅದರ ನಡುಭಾಗ ಸ್ಪಂಜಿನಂತಿರುವುದರಿಂದ ಎಂಜಲಿನ ತೇವ ಹೀರದಂತೆ ಒಳಗೋಡೆಯನ್ನು ಮುಚ್ಚಬೇಕು. ವಾಲ್‌ನಟ್, ಆಸೇಜ್ ಆರೆಂಜ್ ಮರಗಳು ಲೇತ್‌ಗೆ ಚೆನ್ನಾಗಿ ಒಗ್ಗುತ್ತವೆ, ಆದರೆ ಎಣ್ಣೆಯನ್ನೋ ಮೆರುಗನ್ನೋ ಹಚ್ಚದಿದ್ದರೆ ಉಸಿರಿನ ತೇವಕ್ಕೆ ಉಬ್ಬುತ್ತವೆ.

ಕೊಳ್ಳುವವರ ಕಣ್ಣು ಬೀಳುವುದು ಈ ಹೊರಮೈಯ ಮೇಲೆ. ದನಿ ಹುಟ್ಟುವುದು ಮಾತ್ರ ಒಳಗಿನ ಟೋನ್ ಬೋರ್ಡಿನಲ್ಲಿ. ಉರುಟು ಕಡ್ಡಿಯೊಂದನ್ನು ಅರ್ಧಕ್ಕೆ ಸೀಳಿ, ನಡುವೆ ಗಾಳಿ ಹೋಗುವ ಕಾಲುವೆ ತೋಡಿ, ಮೇಲ್ಮೈಯನ್ನು ತುದಿಯತ್ತ ಮೆಲ್ಲಗೆ ಬಾಗಿಸುತ್ತಾರೆ. ಅದರ ಮೇಲೆ ತೆಳುವಾದ ರೀಡ್, ಅಂದರೆ ಊದಿದಾಗ ಕಂಪಿಸುವ ಪಟ್ಟಿ, ಕೂರುತ್ತದೆ. ಬಾಗು ಹೆಚ್ಚಾದರೆ ಊದಲು ಉಸಿರು ಸಾಲದು; ಕಡಿಮೆಯಾದರೆ ರೀಡ್ ಹಲಗೆಗೆ ಅಂಟಿ ದನಿ ಕಟ್ಟುತ್ತದೆ. ಅರದಿಂದ ಒಂದೆಳೆ ಉಜ್ಜುವುದು, ಊದಿ ನೋಡುವುದು, ಮತ್ತೆ ಉಜ್ಜುವುದು: ಕುಶಲಿಯ ಸಮಯವೆಲ್ಲ ಹೋಗುವುದು ಇಲ್ಲೇ. ಕೊಳವೆಯ ಆಕಾರ ದನಿಯನ್ನು ತಿದ್ದುತ್ತದೆ ನಿಜ. ಕೊಳವೆ ಯಾವ ವಸ್ತುವಿನದು ಎಂಬುದರಿಂದ ಆಗುವ ವ್ಯತ್ಯಾಸ ಅಲ್ಪ. ದುಬಾರಿ ಮರದ ಪೀಪಿಯ ದನಿಯೂ ಉತ್ತಮವೆಂಬ ನಂಬಿಕೆ ಹಾಗಾಗಿ ನಿಲ್ಲುವುದಿಲ್ಲ.

‘ಸಹಜ ವಸ್ತು’ ಎಂಬ ಹೊಗಳಿಕೆಯೂ ಅರ್ಧ ಸತ್ಯ. ಬಹುತೇಕ ಕೊಂಬಿನ ಪೀಪಿಗಳಲ್ಲಿ ಕಂಪಿಸುವುದು ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆ. ಹುಲ್ಲು ಬೇಗ ಬಾಡುತ್ತದೆ. ಮೈಲಾರ್ ನೆನೆದರೂ ಬಾಗದು. ಈ ಆಯ್ಕೆಯಲ್ಲಿ ತಪ್ಪಿಲ್ಲ, ಮರೆಮಾಚುವುದಷ್ಟೇ ತಪ್ಪು.

ಕೈಪೀಪಿಯ ನಿಜವಾದ ಹೆಚ್ಚುಗಾರಿಕೆ ತೆರೆದ ರೀಡ್‌ನಲ್ಲಿದೆ. ತುಟಿಯನ್ನು ರೀಡ್‌ನ ತುದಿಗೆ ಸರಿಸಿದರೆ ದನಿ ಏರುತ್ತದೆ, ಒಳಕ್ಕೆ ಸರಿಸಿದರೆ ಇಳಿಯುತ್ತದೆ. ಇಲಿಯ ಕಿಚಕಿಚ, ಮೊಲದ ಅರಚು, ಕೊಯೋಟಿಯ ಊಳು ಒಂದೇ ಪೀಪಿಯಲ್ಲಿ ಸಾಧ್ಯ. ರೀಡ್ ಕೊಳವೆಯೊಳಗೆ ಮುಚ್ಚಿರುವ ಪೀಪಿ ಹೊಸಬರಿಗೂ ಸುಲಭ, ಆದರೆ ಅದರ ದನಿಗೆ ಈ ಹರವಿಲ್ಲ. ತೆರೆದ ರೀಡ್ ಸವೆದರೆ ಹೊಸದನ್ನು ಕತ್ತರಿಸಿ ಕೂರಿಸಬಹುದು. ಕೊಂಬು ದಶಕಗಟ್ಟಲೆ ಬಾಳುತ್ತದೆ. ಕೊರತೆಗಳೂ ಇವೆ: ಒಬ್ಬನೇ ಮಾಡಿದ ಎರಡು ಪೀಪಿಗಳ ದನಿ ಒಂದೇ ಆಗಿರುವುದಿಲ್ಲ, ಕಡುಚಳಿಯಲ್ಲಿ ಎಂಜಲು ಹೆಪ್ಪುಗಟ್ಟಿ ರೀಡ್ ಕಚ್ಚಿಕೊಳ್ಳುತ್ತದೆ, ಕಲಿಯಲು ತಾಳ್ಮೆ ಬೇಕು.

ಕೈಪೀಪಿಯ ಬೇಟೆ ಹೆಚ್ಚು ನ್ಯಾಯದ್ದೆಂಬ ವಾದವಿದೆ. ಯಂತ್ರವನ್ನು ದೂರವಿಟ್ಟು ಮರೆಯಲ್ಲಿ ಕೂರಬಹುದು; ಪೀಪಿ ಊದುವವನತ್ತಲೇ ಪ್ರಾಣಿ ನೇರ ಬರುವುದರಿಂದ ಅವನ ಕೈ ಅಲುಗಿದರೂ ಅದಕ್ಕೆ ಗೊತ್ತಾಗಬಹುದು. ಕೌಶಲದ ಮಟ್ಟಿಗೆ ಈ ಮಾತು ಸರಿ. ಆದರೆ ಹಸಿವನ್ನು ನೆಚ್ಚಿ ಬಂದ ಪ್ರಾಣಿಗೆ ಆಗುವ ಮೋಸ ಎರಡರಲ್ಲೂ ಒಂದೇ. ಕೊಂಬಿನ ಅಂದದಿಂದ ಅದು ಕಡಿಮೆಯಾಗುವುದಿಲ್ಲ. ಕೈಕೆಲಸವಾಗಿ ಈ ಪೀಪಿ ಮೆಚ್ಚುಗೆಗೆ ಅರ್ಹ. ಬೇಟೆ ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ಉತ್ತರವನ್ನು ಪೀಪಿಯ ಗುಣದಲ್ಲಿ ಹುಡುಕಲಾಗದು.