ಐದು ಡಿಗ್ರಿ ಎಂದರೆ ಎಷ್ಟು? ಗ್ರಹಣದ ಚಿತ್ರಕ್ಕೊಂದು ವಿಮರ್ಶೆ

ಕರಿಹಲಗೆಯ ಎಡಕ್ಕೆ ಸೂರ್ಯ, ನಡುವೆ ಭೂಮಿ, ಅದರ ಸುತ್ತ ಒಂದು ವೃತ್ತ, ಆ ವೃತ್ತದ ಮೇಲೆ ಎಂಟು ಚಂದ್ರರು. ಚಂದ್ರನ ಕಲೆಗಳನ್ನು ವಿವರಿಸಲು ನಾವೆಲ್ಲರೂ ಬರೆಯುವ ಚಿತ್ರ ಇದು. ಮುಂದಿನ ಪಾಠದಲ್ಲಿ ಇದೇ ಚಿತ್ರಕ್ಕೆ ನೆರಳಿನ ಗೆರೆಗಳನ್ನು ಸೇರಿಸಿದರೆ ಗ್ರಹಣದ ಚಿತ್ರವಾಗುತ್ತದೆ. ಆಗ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಏಕಾಗುವುದಿಲ್ಲ?"

ಈ ಪ್ರಶ್ನೆ ಕೇಳಿದ ವಿದ್ಯಾರ್ಥಿ ತಪ್ಪು ಮಾಡಿಲ್ಲ. ಚಿತ್ರವನ್ನು ಸರಿಯಾಗಿಯೇ ಓದಿದ್ದಾನೆ. ಆ ಚಿತ್ರದಂತೆ ಹುಣ್ಣಿಮೆಯ ಚಂದ್ರ ಭೂಮಿಯ ಬೆನ್ನಿಗೇ ಇರುತ್ತಾನೆ, ಆದ್ದರಿಂದ ಪ್ರತಿ ತಿಂಗಳೂ ಗ್ರಹಣವಾಗಲೇಬೇಕು. ನಮ್ಮ ಉತ್ತರ ಸಿದ್ಧವಾಗಿರುತ್ತದೆ: "ಚಂದ್ರನ ಕಕ್ಷೆ ಸುಮಾರು ಐದು ಡಿಗ್ರಿ ಓರೆಯಾಗಿದೆ." ಉತ್ತರ ಸರಿ. ಆದರೆ ಚಿತ್ರದಲ್ಲಿ ಆ ಐದು ಡಿಗ್ರಿ ಎಲ್ಲಿದೆ? ವಿದ್ಯಾರ್ಥಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾನೆ. 'ಇಷ್ಟು ಸಣ್ಣ ಓರೆಯಿಂದ ನೆರಳು ತಪ್ಪುವುದು ಹೇಗೆ?' ಎಂಬ ಅನುಮಾನ ಮಾತ್ರ ಹಾಗೆಯೇ ಉಳಿಯುತ್ತದೆ.

ದೋಷ ಇರುವುದು ಅಳತೆಯಲ್ಲಿ. ಇದನ್ನು ಲಿಂಗನಮಕ್ಕಿಯ ಹಿನ್ನೀರಿನಲ್ಲೇ ಅಳೆದು ನೋಡೋಣ. ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಸಿಗಂದೂರಿನ ದಾರಿಯಲ್ಲಿ, 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಸೇತುವೆಯ ಉದ್ದ ಸುಮಾರು 2.44 ಕಿ.ಮೀ. ಚಂದ್ರನ ಸರಾಸರಿ ದೂರವಾದ 3,84,400 ಕಿ.ಮೀ. ಅನ್ನು ಈ ಸೇತುವೆಯಷ್ಟಕ್ಕೆ ಕುಗ್ಗಿಸೋಣ. ಆಗ 1 ಮೀಟರ್ ಎಂದರೆ ಸುಮಾರು 157 ಕಿ.ಮೀ.

ಅಂಬಾರಗೋಡ್ಲು ತುದಿಯಲ್ಲಿ ಭೂಮಿಯನ್ನು ಇಡೋಣ. ಅದರ ವ್ಯಾಸ 81 ಮೀಟರ್. ಕಳಸವಳ್ಳಿ ತುದಿಯಲ್ಲಿರುವ ಚಂದ್ರನ ವ್ಯಾಸ 22 ಮೀಟರ್. ಇವೆರಡರ ನಡುವೆ ಮೂವತ್ತು ಭೂಮಿಗಳನ್ನು ಸಾಲಾಗಿ ಜೋಡಿಸಬಹುದು. ಸೂರ್ಯನನ್ನು ಇಡಲು ಶಿವಮೊಗ್ಗ ಜಿಲ್ಲೆಯಲ್ಲಿ ಜಾಗ ಸಾಲದು. ಆತ 8.8 ಕಿ.ಮೀ. ಅಗಲವಿದ್ದು, 950 ಕಿ.ಮೀ. ದೂರದಲ್ಲಿರುತ್ತಾನೆ.

ಈಗ ಓರೆಯನ್ನು ಲೆಕ್ಕ ಹಾಕೋಣ. ಕಕ್ಷೆಯ ಓರೆ 5.1 ಡಿಗ್ರಿ. 2.44 ಕಿ.ಮೀ. ದೂರದಲ್ಲಿ ಅದು ಚಂದ್ರನನ್ನು ಸೇತುವೆಯ ಮಟ್ಟದಿಂದ ಸುಮಾರು 220 ಮೀಟರ್ ಮೇಲಕ್ಕೋ ಕೆಳಕ್ಕೋ ಒಯ್ಯಬಲ್ಲದು. ಅಲ್ಲಿಂದ ಬಹಳ ದೂರವಿಲ್ಲದ ಜೋಗದಲ್ಲಿ ಶರಾವತಿ ಧುಮುಕುವ ಎತ್ತರ 253 ಮೀಟರ್. ಹೆಚ್ಚು ಕಡಿಮೆ ಜೋಗದ ಆಳದಷ್ಟು ಚಂದ್ರ ಮೇಲೆ ಕೆಳಗೆ ಸರಿಯುತ್ತಾನೆ! ಇತ್ತ ಭೂಮಿಯ ದಟ್ಟ ನೆರಳು, ಅಂದರೆ ಪ್ರಚ್ಛಾಯೆ, ಚಂದ್ರನ ದೂರದಲ್ಲಿ ಕೇವಲ 58 ಮೀಟರ್ ಅಗಲ. ಚಂದ್ರನ ಅಂಚು ಅದನ್ನು ತಾಗಬೇಕಾದರೂ ಚಂದ್ರನ ಕೇಂದ್ರ ನೆರಳಿನ ಕೇಂದ್ರದಿಂದ 40 ಮೀಟರ್ ಒಳಗಿರಬೇಕು. ಬಹುತೇಕ ಹುಣ್ಣಿಮೆಗಳಲ್ಲಿ ಅದು ಸಾಧ್ಯವಾಗುವುದಿಲ್ಲ. ಗ್ರಹಣವಾಗದಿರುವುದೇ ಸಾಮಾನ್ಯ, ಆಗುವುದೇ ವಿಶೇಷ ಎಂಬುದು ಈಗ ಹೇಳದೆಯೇ ತಿಳಿಯುತ್ತದೆ.

2025ರ ಉದಾಹರಣೆ ನೋಡಿ. ಮಾರ್ಚ್ 14ರಂದು ಪೂರ್ಣ ಚಂದ್ರಗ್ರಹಣವಾಯಿತು. ಆಗ ನಮಗೆ ಹಗಲು, ಹಾಗಾಗಿ ಕಾಣಲಿಲ್ಲ. ಮುಂದಿನ ಐದು ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲೋ ಕೆಳಗೋ ಹಾದುಹೋದ. ಆರನೆಯದು ಸೆಪ್ಟೆಂಬರ್ 7ರ ಹುಣ್ಣಿಮೆ. ಅಂದು ರಾತ್ರಿ 11ರಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿಯಾಗಿ ನೆರಳಿನಲ್ಲಿದ್ದ. ಓರೆಯಾದ ಕಕ್ಷೆ ಭೂಕಕ್ಷೆಯ ಸಮತಲವನ್ನು ಎರಡು ಬಿಂದುಗಳಲ್ಲಿ ಛೇದಿಸುತ್ತದೆ. ಹುಣ್ಣಿಮೆ ಆ ಬಿಂದುಗಳ ಬಳಿ ಬಿದ್ದರೆ ಮಾತ್ರ ಗ್ರಹಣ. ಪಂಚಾಂಗದ ರಾಹು, ಕೇತುಗಳು ಈ ಬಿಂದುಗಳೇ. ಇವು 18.6 ವರ್ಷಗಳಲ್ಲಿ ಹಿಮ್ಮುಖವಾಗಿ ಒಂದು ಸುತ್ತು ಬರುತ್ತವೆ. ಆದ್ದರಿಂದಲೇ ರಾಹು ಒಂದೊಂದು ರಾಶಿಯಲ್ಲಿ ಸುಮಾರು ಒಂದೂವರೆ ವರ್ಷ ಇರುತ್ತಾನೆ. ನುಂಗುವ ಹಾವನ್ನು ಅಲ್ಲಗಳೆದರೆ ಸಾಲದು, ಅದರ ಜಾಗದಲ್ಲಿ ಈ ರೇಖಾಗಣಿತವನ್ನು ಇಡಬೇಕು.

ಸೂರ್ಯಗ್ರಹಣಕ್ಕೂ ಇದೇ ಸೇತುವೆ ಸಾಕು. ಚಂದ್ರನ ದಟ್ಟ ನೆರಳಿನ ಸರಾಸರಿ ಉದ್ದ ಸುಮಾರು 2.37 ಕಿ.ಮೀ. ಆಗುತ್ತದೆ. ಅಂದರೆ ಅದು ಭೂಮಿಯ ಮೈಗೆ ಸುಮಾರು 30 ಮೀಟರ್ ಮೊದಲೇ ಮೊನಚಾಗಿ ಮುಗಿಯುತ್ತದೆ. ಚಂದ್ರ ಸರಾಸರಿಗಿಂತ ಹತ್ತಿರವಿದ್ದಾಗ ನೆರಳು ನೆಲ ಮುಟ್ಟಿ ಪೂರ್ಣಗ್ರಹಣವಾಗಬಹುದು, ಇಲ್ಲವಾದರೆ ಕಂಕಣ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲೂ ಕೊಡಗಿನ ಕೆಲವು ಭಾಗಗಳಲ್ಲೂ ಕಂಕಣ ಕಂಡದ್ದು, ಮಲೆನಾಡಿನ ನಮಗೆ ಪಾರ್ಶ್ವಗ್ರಹಣ ಮಾತ್ರ ದಕ್ಕಿದ್ದು ಹೀಗೆ.

ಹಲಗೆಯ ಚಿತ್ರದಿಂದ ಇನ್ನೊಂದು ಕೆಡುಕಿದೆ. ಕಲೆಗಳಿಗೂ ಗ್ರಹಣಕ್ಕೂ ಒಂದೇ ಚಿತ್ರ ಬಳಸುವುದರಿಂದ, ಅಷ್ಟಮಿಯ ಅರ್ಧಚಂದ್ರನೂ ಭೂಮಿಯ ನೆರಳಿನ ಫಲ ಎಂಬ ಕಲ್ಪನೆ ಗಟ್ಟಿಯಾಗುತ್ತದೆ. ಇದನ್ನು ಅಳಿಸಲು ಉಪಕರಣ ಬೇಡ. ಮಲೆನಾಡಿನಲ್ಲಿ ಗುಡ್ಡ, ಕಾಡು ದಿಗಂತವನ್ನು ಮರೆಮಾಡುತ್ತವೆ. ಹಿನ್ನೀರಿನ ಬಯಲು ಇದಕ್ಕೆ ಅಪವಾದ. ಶುಕ್ಲಪಕ್ಷದ ಅಷ್ಟಮಿಯ ಸಂಜೆ, ಹೊತ್ತು ಮುಳುಗುವಾಗ ವಿದ್ಯಾರ್ಥಿಗಳನ್ನು ಅಲ್ಲಿ ನಿಲ್ಲಿಸಿ. ಸೂರ್ಯ ಪಶ್ಚಿಮದಲ್ಲಿದ್ದಾನೆ, ಆದ್ದರಿಂದ ಭೂಮಿಯ ನೆರಳು ಪೂರ್ವಕ್ಕೆ ಚಾಚಿದೆ. ಅರ್ಧಚಂದ್ರ ನೆತ್ತಿಯ ಕಡೆ ಇದ್ದಾನೆ, ನೆರಳಿನಿಂದ ತೊಂಬತ್ತು ಡಿಗ್ರಿ ದೂರ. ಅವನ ಬೆಳಗಿದ ಮಗ್ಗುಲು ಸೂರ್ಯನ ಕಡೆಗೇ ತಿರುಗಿದೆ. ನೆರಳಿನ ವಾದ ಅಲ್ಲಿಗೆ ಮುಗಿಯಿತು.

ಹಾಗೆಂದು ಹಲಗೆಯ ಚಿತ್ರವನ್ನು ಕೈಬಿಡಬೇಕೆಂದಲ್ಲ. ದೂರಗಳನ್ನು ಕುಗ್ಗಿಸದೆ ಸೂರ್ಯನನ್ನು ಯಾವ ಪುಟದಲ್ಲೂ ಬರೆಯಲಾಗದು. 'ಅಳತೆಗೆ ಸರಿಯಾಗಿಲ್ಲ' ಎಂದು ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಬರೆದು ಸುಮ್ಮನಾಗುವುದಷ್ಟೇ ಸಲ್ಲದು. ಆ ಮಾತಿನ ಜೊತೆಗೆ ಒಂದು ಅಡಿಕೋಲನ್ನೂ ಕೊಡಿ. 30 ಸೆಂ.ಮೀ. ಕೋಲಿನ ಒಂದು ತುದಿಯಲ್ಲಿ 1 ಸೆಂ.ಮೀ.ನ ದಪ್ಪ ಕಡಲೆಕಾಳು ಭೂಮಿಯಾಗಲಿ, ಇನ್ನೊಂದು ತುದಿಯಲ್ಲಿ ದೊಡ್ಡ ಸಾಸಿವೆ ಚಂದ್ರನಾಗಲಿ. ಸಾಸಿವೆಯ ತುದಿಯನ್ನು ಮೇಜಿನಿಂದ 2.7 ಸೆಂ.ಮೀ. ಎತ್ತಿ ಹಿಡಿಯಿರಿ. ಅಲ್ಲಿ ಭೂಮಿಯ ನೆರಳಿನ ಅಗಲ ಮುಕ್ಕಾಲು ಸೆಂಟಿಮೀಟರೂ ಇಲ್ಲ. ಐದು ಡಿಗ್ರಿ ಎಂದರೆ ಎಷ್ಟು ಎಂಬುದನ್ನು ವಿದ್ಯಾರ್ಥಿ ಕಣ್ಣಿನಿಂದಲೇ ಅಳೆಯುತ್ತಾನೆ. ಆಮೇಲೆ ಆತ ಬರೆಯುವ ಉತ್ತರ ಅವನದೇ ಆಗಿರುತ್ತದೆ.