ಜೋಗಿಮಟ್ಟಿಯನ್ನು ಓದುವ ಬಗೆ: ಒಂದು ವಿಮರ್ಶೆ

ಚಿತ್ರದುರ್ಗ ಪಟ್ಟಣಕ್ಕೆ ಹೊಂದಿಕೊಂಡೇ ಇರುವ ಜೋಗಿಮಟ್ಟಿ ಅರಣ್ಯವು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರು. ಕರಡಿ, ಚಿರತೆ, ನವಿಲುಗಳಿರುವ ಈ ಒಣಕಾಡು ನಿಸರ್ಗಶಿಕ್ಷಣಕ್ಕೆ ಯೋಗ್ಯವಾದ ಕ್ಷೇತ್ರವೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಆಕ್ಷೇಪಣೆಯಿರುವುದು ಅದನ್ನು ತೋರಿಸುವ ಕ್ರಮದ ವಿಷಯದಲ್ಲಿ.

ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಾಡಿಗೆ, ಚರಿತ್ರೆಯ ವಿದ್ಯಾರ್ಥಿಗಳು ಕೋಟೆಗೆ ಎಂಬ ವಿಭಾಗ ರೂಢಿಯಾಗಿಬಿಟ್ಟಿದೆ. ಕಾಡಿನ ಹಾದಿಯಲ್ಲಿರುವ ತಿಮ್ಮಣ್ಣನಾಯಕನ ಕೆರೆಯು ಹೀಗಾಗಿ ಯಾರ ಪಾಲಿಗೂ ಬರುವುದಿಲ್ಲ! ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ, 1568ರಿಂದ 1779ರವರೆಗೆ ನಾಯಕರ ರಾಜಧಾನಿ ಬಾಳಿದ್ದು ಬಂಡೆಯ ಮೇಲಿನ ಮಳೆನೀರನ್ನು ಹಿಡಿದಿಟ್ಟ ಹೊಂಡಗಳಿಂದ, ಗುಡ್ಡಗಳ ಬುಡದ ಕೆರೆಗಳಿಂದ. ಇಳಿಜಾರು ಬೋಳಾದರೆ ಕೆರೆ ಹೂಳಿನಿಂದ ತುಂಬುವುದು. ಕೆರೆಯಿದ್ದ ಮಾತ್ರಕ್ಕೆ ನಾಯಕರು ಕಾಡನ್ನು ಕಾಯ್ದರೆಂದು ವಾದಿಸುವುದು ಅತಿಯಾದೀತು. ಆದರೆ ಕಾಡನ್ನು ಬಿಟ್ಟು ದುರ್ಗದ ಚರಿತ್ರೆಯನ್ನು ಬರೆಯುವುದು ನೀರನ್ನು ಬಿಟ್ಟು ಬರೆದಂತೆಯೇ ಸರಿ.

ಮರಗಳೂ ಅಷ್ಟೆ. ದಿಂಡಿಗ, ಕಮರಗಳ ಶಾಸ್ತ್ರೀಯ ನಾಮಗಳನ್ನು ಬರೆದುಕೊಂಡು ವಿದ್ಯಾರ್ಥಿಯು ಮುಂದೆ ನಡೆಯುತ್ತಾನೆ. ಶ್ರೀಗಂಧದ ಗಿಡದ ಬಳಿಯಾದರೂ ಅವನನ್ನು ನಿಲ್ಲಿಸಬೇಕು. ಟಿಪ್ಪುವಿನ ಕಾಲದಲ್ಲಿ ಅದು ರಾಜವೃಕ್ಷವೆನಿಸಿತು. ಅರಸರ ಆಳ್ವಿಕೆ ಮುಗಿದ ಮೇಲೂ ರೈತನ ಹೊಲದಲ್ಲಿ ತಾನಾಗಿ ಬೆಳೆದ ಗಂಧ ರೈತನದಾಗಲಿಲ್ಲ. ಬೆಳೆದವನಿಗೆ ಒಡೆತನ ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ. ತನ್ನದಲ್ಲದ ಮರವನ್ನು ಯಾರು ತಾನೇ ಅಕ್ಕರೆಯಿಂದ ಬೆಳೆಸಿಯಾರು? ಒಂದು ಗಿಡದ ವಿರಳತೆಗೆ ರಾಜ್ಯಶಾಸನವೂ ಕಾರಣವಾಗಬಲ್ಲುದೆಂಬ ಈ ಪಾಠ ಸಸ್ಯಸಂಗ್ರಹದ ಹಾಳೆಯಲ್ಲಿ ಸಿಕ್ಕುವುದಿಲ್ಲ.

ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ಪ್ರಾಣಿದಯೆಯನ್ನೂ ಗುರುಭಕ್ತಿಯನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮ ತರಗತಿಗಳಲ್ಲಿ ಅದು ಮೌರ್ಯರ ಎಲ್ಲೆಯನ್ನು ಗುರುತಿಸುವ ಕಲ್ಲು ಮಾತ್ರ.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂತಹ ಊರುಗಳಿಂದ ಕಾಲೇಜಿಗೆ ಬರುವವರಲ್ಲಿ ಕುರಿ ಮೇಯಿಸಿದ ಮನೆಯ ಮಕ್ಕಳಿದ್ದಾರೆ. ಯಾವ ಸೊಪ್ಪನ್ನು ಆಡು ಮುಟ್ಟುವುದಿಲ್ಲ, ಯಾವ ಗುಡ್ಡದ ನೀರು ಯಾವ ಕೆರೆಗೆ ಇಳಿಯುತ್ತದೆ ಎಂಬುದನ್ನು ಬಲ್ಲವರು ಅವರ ಮನೆಯ ಹಿರಿಯರು. ಊರಿನವರು ಕಾಡಿನ ವೈರಿಗಳೆಂಬ ಧಾಟಿಯ ಉಪನ್ಯಾಸವನ್ನು ಕೇಳಿದ ಹುಡುಗನು ಆ ತಿಳಿವಳಿಕೆಯನ್ನು ಹೇಳಲು ನಾಚುವನು. ಎರಡು ವಿಭಾಗಗಳೂ ಕೂಡಿ ಹೋಗಲಿ. ಮೊದಲ ದಿನ ಕೆರೆಯ ಏರಿಯ ಮೇಲೆ ನಿಂತು ನೀರಿನ ದಾರಿಯ ನಕ್ಷೆ ಬರೆಯಲಿ. ಮರದ ಹೆಸರುಗಳನ್ನು ಮೊದಲು ಆ ಹುಡುಗನ ಬಾಯಿಂದ ಬರೆದುಕೊಳ್ಳಲಿ.