ಪಡಸಾಲಿಗೆ ಕ್ಯಾಮೆರಾ ಬೇಡ, ತಲೆಬಾಗಿಲಿಗೆ ಸಾಕು

ಗುರುಗುಂಟಾ, ಹಟ್ಟಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಊರಲ್ಲಿರುವ ಅಪ್ಪ ಅವ್ವನ ಚಿಂತೆಗೆ ಈಗ ವೈಫೈ ಕ್ಯಾಮೆರಾದ ಮೊರೆ ಹೋಗುತ್ತಿದ್ದಾರೆ. ಆ್ಯಪ್ ಇಳಿಸಿ, ಮನೆಯ ವೈಫೈ ಪಾಸ್‌ವರ್ಡ್ ಕೊಟ್ಟು, ಫೋನಿನ ಕ್ಯೂಆರ್ ಕೋಡನ್ನು ಕ್ಯಾಮೆರಾಗೆ ತೋರಿಸಿದರೆ ಜೋಡಣೆ ಮುಗಿಯಿತು. ಎಲ್ಲಿ ಕೂರಿಸಬೇಕು, ಯಾರು ನೋಡಬೇಕು ಎನ್ನುವುದನ್ನು ಮಾತ್ರ ಮನೆಯವರೆಲ್ಲ ಕೂತು ಮಾತಾಡುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ತಲೆಬಾಗಿಲ ಮೇಲಿನ ಕ್ಯಾಮೆರಾ ಒಳ್ಳೆಯದೇ. ಎಲ್ಲರೂ ಹೊಲಕ್ಕೆ ಹೋದಾಗ, ಅಮರೇಶ್ವರ ಜಾತ್ರೆಗೆಂದು ಬೀಗ ಹಾಕಿದಾಗ ಹೊಸ್ತಿಲಿಗೆ ಯಾರು ಬಂದರೆಂದು ತಿಳಿಯುತ್ತದೆ. ಆದರೆ ನಮ್ಮ ಸೀಮೆಯ ಹಳೆಯ ಕಲ್ಲು-ಮಣ್ಣಿನ ಗೋಡೆಗಳು ದಪ್ಪ. ಒಳಕೋಣೆಯ ರೂಟರಿನ ಸಿಗ್ನಲ್ ಅವನ್ನು ದಾಟುವಷ್ಟರಲ್ಲಿ ಸೊರಗುತ್ತದೆ. ವೈಫೈಯಲ್ಲಿ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಗೋಡೆಯನ್ನು ಚೆನ್ನಾಗಿ ದಾಟುತ್ತದೆ. ರೂಟರನ್ನೇ ಪಡಸಾಲಿಗೆ ತಂದರೆ ಇನ್ನೂ ಲೇಸು. ಕರೆಂಟ್ ಹೋದರೆ ರೂಟರ್, ಕ್ಯಾಮೆರಾ ಎರಡೂ ಮಲಗುತ್ತವೆ. ಎರಡಕ್ಕೂ ಇನ್ವರ್ಟರ್ ಲೈನ್ ಬೇಕು. ನೆಟ್ ಮಾತ್ರ ಹೋದರೆ ಮೆಮೊರಿ ಕಾರ್ಡು ಕಾಪಾಡುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದರಿಂದ ತಗಡಿನ ಚಾವಣಿಗೆ ಅಂಟಿಸಿ ಕೂರಿಸುವುದೂ ತಪ್ಪು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಮುತ್ತುತ್ತವೆ, ಹುಳದ ಹಿಂದೆ ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಆ ಬಲೆ ಅಲುಗಿದರೂ ಬೆಂಗಳೂರಿನ ಫೋನಿಗೆ ಅಲರ್ಟ್ ಹೋಗುತ್ತದೆ. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸುವವರು ಮನೆಯಲ್ಲಿರಬೇಕು.

ಒಳಗಿನ ಕ್ಯಾಮೆರಾವನ್ನು ಮಾತ್ರ ನಾನು ಒಪ್ಪಲಾರೆ. ಪಡಸಾಲಿ ಓಣಿಯ ಹೆಣ್ಣುಮಕ್ಕಳು ಬಂದು ಕೂತು ಜ್ವಾಳ ಹಸನು ಮಾಡುತ್ತ ಸುಖದುಃಖ ಹಂಚಿಕೊಳ್ಳುವ ಜಾಗ. ಅಲ್ಲಿ ಗೋಡೆಯ ಕ್ಯಾಮೆರಾದಿಂದ ಒಮ್ಮೆಲೇ “ಯವ್ವಾ, ಗುಳಿಗಿ ತಗೊಂಡಿ ಇಲ್ಲ?” ಎಂದು ಮಗನ ದನಿ ಕೇಳಿಬಂದರೆ ಬಂದವರು ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಮಗನಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಅವನ ಸಮಾಧಾನಕ್ಕೆ ಅವ್ವ ಒಡನಾಟವನ್ನೇ ಕಳೆದುಕೊಳ್ಳುತ್ತಾಳೆ, ಒಂಟಿ ಮುದುಕಿಗೆ ಆ ಒಡನಾಟ ಗುಳಿಗಿಯಷ್ಟೇ ಮುಖ್ಯ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಜತೆಗಿರುವವರ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ಓಡಿಸುವಂತಿಲ್ಲ ಎಂದು 2025ರಲ್ಲಿ ಕಲ್ಕತ್ತಾ ಹೈಕೋರ್ಟ್ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. ಅದು ಒಂದೇ ಮನೆಯ ಅಣ್ಣತಮ್ಮಂದಿರ ವ್ಯಾಜ್ಯ. ಅಪ್ಪ ಅವ್ವನ ಒಪ್ಪಿಗೆಗೆ ಬೆಲೆ ಇನ್ನೂ ಹೆಚ್ಚಿರಬೇಕಲ್ಲವೇ?

ಇನ್ನು ಕ್ಯಾಮೆರಾದ ಪಾಸ್‌ವರ್ಡ್. 2016ರ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ನುಗ್ಗಿದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದರಿಂದ. ಪೆಟ್ಟಿಗೆ ಬಿಚ್ಚಿದ ದಿನವೇ ಅದನ್ನು ಬದಲಿಸಬೇಕು. ಆ್ಯಪ್ ಅಪ್ಪನ ಫೋನಿನಲ್ಲೂ ಇರಲಿ. ಮಗನಿಗೆ ಕಾಣುವುದೆಲ್ಲ ಅವರಿಗೂ ಕಾಣಲಿ. ಪ್ಲಗ್ಗು ಅವ್ವನ ಕೈಗೆ ಎಟುಕುವ ಎತ್ತರದಲ್ಲಿರಲಿ, ಬೇಡವೆನಿಸಿದಾಗ ಅವಳು ಸ್ವಿಚ್ ಆರಿಸಿದರೆ ಬೆಂಗಳೂರಿನಿಂದ ಯಾಕೆಂದು ಕೇಳುವ ಫೋನು ಬರದಿರಲಿ.